ಮೂರು ಗುರುತು ಹೇಳಿ, ಸ್ಟೆಪ್ನಿ ಇಳಿಸಿಕೊಳ್ಳಿ

ಬೆಳಗಿನ ಐದೂಮುಕ್ಕಾಲು. ಊರಾಚೆಯ ಲಾರಿ ಸ್ಟ್ಯಾಂಡಿನಲ್ಲಿ ಟೊಮೆಟೊ ತುಂಬಿದ ಲಾರಿಯೊಂದು ಒಂದು ಮಗ್ಗುಲಿಗೆ ವಾಲಿಕೊಂಡು ನಿಂತಿದೆ. ಹಿಂದಿನ ಟೈರು ಪಂಕ್ಚರ್. ಬದಲಿ ಟೈರು, ಅಂದರೆ ಸ್ಟೆಪ್ನಿ, ಲಾರಿಯ ಹೊಟ್ಟೆಯಡಿ ಸರಪಳಿಯಲ್ಲಿ ಭದ್ರವಾಗಿದೆ. ಸರಪಳಿಗೆ ಮುಷ್ಟಿಗಾತ್ರದ ಬೀಗ. ಬೀಗದ ಕೀ ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ಲಾರಿಯ ಕೆಳಗಿನಿಂದ ಎರಡು ಕಾಲುಗಳಷ್ಟೇ ಹೊರಗೆ ಚಾಚಿವೆ. ಆ ಕಾಲುಗಳ ಪಕ್ಕದಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಡ್ರೈವರನ್ನು ನಿಲ್ಲಿಸಿಕೊಂಡು ವಿಚಾರಣೆ ನಡೆಸುತ್ತಿದ್ದಾರೆ.

"ನಿನ್ ಸ್ಟೆಪ್ನಿಗೆ ಮೂರು ಗುರುತು ಹೇಳಪ್ಪ."

"ಒಂದ್ ಕಡೆ ಬೆರಳುದ್ದ ಕುಯ್ದೋಗಿದೆ ಅತ್ತೆ. ರಿಮ್ಮಿಗೆ ಹಳದಿ ಪೇಂಟು. ಗಾಳಿ ತುಂಬೋ ಬಾಯಿಗೆ ಮುಚ್ಚಳ ಇಲ್ಲ, ಪ್ಲಾಸ್ಟಿಕ್ ಕವರ್ ಕಟ್ಟಿದೀನಿ."

ಕೆಳಗಿನಿಂದ ದನಿ ಬರುತ್ತದೆ. "ಕುಯ್ದಿರೋದು ಇದೆ. ಕವರೂ ಇದೆ. ಪೇಂಟ್ ಕಾಣ್ತಿಲ್ವಲ್ಲ."

"ಕೆಸರು ಮೆತ್ಕೊಂಡಿರ್ಬೇಕು ಮಾಮ, ಒರೆಸಿ ನೋಡಿ."

ಬಟ್ಟೆ ಉಜ್ಜುವ ಸದ್ದು. ಮೀಸೆ ನರೆತ ಡ್ರೈವರು ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಉಗುರು ಕಚ್ಚುತ್ತಾರೆ. "ಹ್ಞೂ, ಹಳದಿ. ನಿಂದೇ ಬಿಡು" ಎಂಬ ಮಾತು ಬಂದ ಮೇಲಷ್ಟೇ ಸುತ್ತಿಗೆಯ ಮೊದಲ ಏಟು ಕೇಳಿಸುತ್ತದೆ.

ಲಾರಿಯ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿರುವವರಿಗೆ ಅರವತ್ತೇಳು ವರ್ಷ. ಸ್ಟ್ಯಾಂಡಿಗೆಲ್ಲ ಅವರು 'ಸ್ಟೆಪ್ನಿ ಮಾಮ', ಅವರ ಹೆಂಡತಿ 'ಅತ್ತೆ'. ಕೀ ಕಳೆದುಕೊಂಡ ಲಾರಿಗಳ ಸ್ಟೆಪ್ನಿ ಇಳಿಸಿಕೊಡುವುದೇ ಕಸುಬು. ಹೀಗೊಂದು ಕಸುಬಿದೆಯೆಂದು ನನಗೆ ಗೊತ್ತಾದದ್ದೇ ಹೋದ ತಿಂಗಳು, ಅದೂ ನಮ್ಮ ಪತ್ರಿಕೆಯ ಕಟ್ಟು ಹೊತ್ತ ಲಾರಿ ಇಲ್ಲಿ ಕೆಟ್ಟು ನಿಂತಾಗ.

ಸುತ್ತಿಗೆಯ ಏಟು ಅಂದೆನಲ್ಲ, ಅದು ಏಟಲ್ಲ, ಮಗುವಿನ ಬೆನ್ನು ತಟ್ಟಿದಷ್ಟೇ ಮೆಲ್ಲಗೆ. ಬೀಗದೊಳಗಿನ ಕೆಸರು, ತುಕ್ಕು ಉದುರಬೇಕು. ಆಮೇಲೆ ನಾಲ್ಕು ಹನಿ ಡೀಸೆಲ್. ಅದು ಇಳಿಯುವವರೆಗೆ ಮಾಮ ಪಕ್ಕದಲ್ಲಿ ಒಂದು ಹಳೇ ಟೈರು ಮಲಗಿಸಿಕೊಳ್ಳುತ್ತಾರೆ. ಸರಪಳಿ ಬಿಚ್ಚಿದ ಕೂಡಲೇ ಹತ್ತಿರ ಹತ್ತಿರ ನೂರು ಕೆಜಿಯ ಸ್ಟೆಪ್ನಿ ಅದರ ಮೇಲೆ ಬೀಳಬೇಕು, ಎದೆಯ ಮೇಲಲ್ಲ. ಈ ಎಚ್ಚರ ಕಲಿಸಿದ್ದು ಅವರ ಎಡಗೈ ಕಿರುಬೆರಳು. ಅದು ಇವತ್ತಿಗೂ ಮಡಚುವುದಿಲ್ಲ. ಕೊನೆಗೆ ಹಳೇ ಛತ್ರಿಯ ಕಡ್ಡಿ ಬಾಗಿಸಿ ಮಾಡಿಕೊಂಡ ಎರಡು ಕೊಕ್ಕೆ ಹೊರಬರುತ್ತವೆ. ಅವನ್ನು ಬೀಗದೊಳಗೆ ತೂರಿಸಿ ಮಾಮ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಕಣ್ಣು ಬಿಟ್ಕೊಂಡಿದ್ರೆ ಕೈ ಸೋಮಾರಿಯಾಗುತ್ತೆ ಸಾರ್" ಎನ್ನುವುದು ಅವರ ವಿವರಣೆ.

ಹದಿನಾಲ್ಕನೇ ನಿಮಿಷಕ್ಕೆ ಬೀಗ ಬಾಯಿ ಬಿಡುತ್ತದೆ. ಬೀಗಕ್ಕೆ ಒಂದು ಗೀರೂ ಇಲ್ಲ.

ಅತ್ತೆಯ ಅಪ್ಪನದು ಇದೇ ಸ್ಟ್ಯಾಂಡಿನಲ್ಲಿ ಪಂಕ್ಚರ್ ಅಂಗಡಿ. ಮಾಮ ಪೇಟೆಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದವರು. ಮದುವೆಯಾಗಿ ಇಬ್ಬರ ವಿದ್ಯೆಯೂ ಒಂದೇ ತಗಡಿನ ಶೆಡ್ಡಿಗೆ ಬಂತು. ಆಗ ದಿನಕ್ಕೆ ಹತ್ತು ಹನ್ನೆರಡು ಬೀಗ ಬರುತ್ತಿದ್ದವು. ಡೀಸೆಲ್ ಇಳಿಯುವವರೆಗೂ ಡ್ರೈವರುಗಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಟೈರಿನ ಚರಿತ್ರೆ ಹೇಳುತ್ತಿದ್ದರು: ಈ ಪಟ್ಟಿ ಮಳೆಯಲ್ಲಿ ನೆನೆಯುತ್ತ ಹಾಕಿಸಿದ್ದು, ಈ ಗಾಯ ಸೇತುವೆ ಮುರಿದ ವರ್ಷದ್ದು.

"ಇವ್ರು ಈ ಸ್ಟ್ಯಾಂಡ್ ಬಿಟ್ಟು ಕದಲಿದವ್ರಲ್ಲ. ಕೇಳಿ ನೋಡಿ, ಎಲ್ಲಾ ಊರಿನ ರಸ್ತೆ ಗುಂಡೀನೂ ಬಾಯಿಪಾಠ" ಎಂದು ಅತ್ತೆ ಕಾಲೆಳೆಯುತ್ತಾರೆ. ಮಾಮ ಅಲ್ಲಗಳೆಯುವುದಿಲ್ಲ. ಟೈರಿಗೂ ಇಷ್ಟು ಅಕ್ಕರೆ ಸಿಗುತ್ತಿದ್ದ ಆ ಕಾಲದ ಮೇಲೆ ನನಗೆ ಸಣ್ಣದಾಗಿ ಹೊಟ್ಟೆಕಿಚ್ಚಾಗುತ್ತದೆ.

ಈ ಮೂರು ಗುರುತಿನ ಕಟ್ಟಳೆ ಎಲ್ಲಿಂದ ಬಂತು ಎಂದು ಕೇಳುತ್ತೇನೆ. ಮಾಮ ಕೊಕ್ಕೆಗಳನ್ನು ಒರೆಸಿ ಡಬ್ಬಿಗೆ ಹಾಕಿ, ಮತ್ತೆ ತೆಗೆದು ಒರೆಸುತ್ತಾರೆ.

ಈ ತಿಂಗಳಿಗೆ ಸರಿಯಾಗಿ ಇಪ್ಪತ್ತಾರು ವರ್ಷ. ಒಂದು ಮಧ್ಯಾಹ್ನ ಇಸ್ತ್ರಿ ಷರಟಿನವನೊಬ್ಬ ಬಂದು, ಸ್ಟ್ಯಾಂಡಿನಲ್ಲಿ ನಿಂತಿದ್ದ ಲಾರಿಯೊಂದನ್ನು ತೋರಿಸಿ, ಕೀ ಕಳೆದುಹೋಯಿತು, ಸ್ಟೆಪ್ನಿ ಇಳಿಸಿಕೊಡಿ ಎಂದ. ನಯವಾದ ಮಾತು. ಮಾಮ ಎಂಟೇ ನಿಮಿಷದಲ್ಲಿ ಬೀಗ ತೆಗೆದರು, ಅಷ್ಟು ಬೇಗ ತೆಗೆದೆನಲ್ಲ ಎಂದು ಬೀಗಿದರು ಕೂಡ. "ನಾನೇ ಹೆಗಲು ಕೊಟ್ಟು ಅವನ ಟೆಂಪೋಗೆ ಹತ್ತಿಸಿದೆ ಸಾರ್. ಹುಷಾರು, ಕೈಗೆ ಗ್ರೀಸ್ ಆಗುತ್ತೆ ಅಂತ ಬೇರೆ ಹೇಳ್ದೆ."

ಅರ್ಧ ಗಂಟೆಗೆ ಲಾರಿಯ ನಿಜವಾದ ಡ್ರೈವರು ಊಟ ಮುಗಿಸಿ ಬಂದ. ಜೊತೆಗೆ ಹೆಂಡತಿ, ಏಳು ತಿಂಗಳ ಬಸುರಿ. ತವರಿಗೆ ಬಿಟ್ಟುಬರಲು ಲಾರಿಯಲ್ಲೇ ಕರೆದುಕೊಂಡು ಹೊರಟಿದ್ದ. ಜೋಲಾಡುತ್ತಿದ್ದ ಸರಪಳಿ ನೋಡಿದ, ಮಾಮನ ಮುಖ ನೋಡಿದ. ಬೈಯಲಿಲ್ಲ. ಜೇಬಿನಿಂದ ಕೀ ತೆಗೆದು ಅಂಗೈ ಮೇಲಿಟ್ಟು ತೋರಿಸಿದ.

"ಕೀ ನನ್ ಹತ್ರಾನೇ ಇತ್ತಲ್ಲಣ್ಣ, ಅಂದ. ಅಷ್ಟೇ. ಕೆನ್ನೆಗೆ ಎರಡು ಬಿಟ್ಟಿದ್ರೆ ವಾಸಿಯಿತ್ತು."

ಅತ್ತೆಯ ಅಪ್ಪನ ಅಂಗಡಿಯಲ್ಲಿ ಆ ಅಳತೆಯ ಟೈರು ಇರಲಿಲ್ಲ. ಬೆಳಿಗ್ಗೆ ತರಿಸಿಕೊಡ್ತೀವಿ, ಇವತ್ತು ನಮ್ಮನೇಲಿ ಇರಿ ಎಂದು ಅತ್ತೆ ಅಂಗಲಾಚಿದರು. ಮುಂದೆ ಮುನ್ನೂರು ಕಿಲೋಮೀಟರ್, ನಡುವೆ ಊರಿಲ್ಲದ ಘಾಟಿ, ಹಿಂದಿನ ಎರಡು ಟೈರು ಸವೆದು ಬೋಳಾಗಿದ್ದವು. ಆದರೂ ಆತ ಕಾಯಲಿಲ್ಲ. ಹುಡುಗಿ ಕ್ಯಾಬಿನ್ನಿನ ಕಿಟಕಿಯಿಂದ ಅತ್ತೆಗೆ ಕೈ ಬೀಸಿದಳು. ಆ ಲಾರಿ ಮತ್ತೆ ಈ ದಾರಿಯಲ್ಲಿ ಬರಲೇ ಇಲ್ಲ.

ಮಾರನೆಯ ದಿನದಿಂದ ಈ ನಿಯಮ. ಬೀಗ ಹಾಕಿದವನಿಗೆ ಒಳಗಿನ ಟೈರಿನ ಗಾಯ ಗೊತ್ತಿರುತ್ತದೆ, ಕದಿಯಲು ಬಂದವನಿಗೆ ಗೊತ್ತಿರುವುದಿಲ್ಲ. ಇದು ಅತ್ತೆಯ ತಲೆ.

ಈಗ ಅದೇ ನಿಯಮ ಇವರ ಹೊಟ್ಟೆಯ ಮೇಲೆ ಹೊಡೆಯುತ್ತಿದೆ. ತಿಂಗಳಿಗೊಂದು ಲಾರಿ ಬದಲಿಸುವ ಡ್ರೈವರುಗಳಿಗೆ ಸ್ಟೆಪ್ನಿ ಕಪ್ಪಗಿದೆ, ದುಂಡಗಿದೆ ಎನ್ನುವುದರಾಚೆ ಏನೂ ಗೊತ್ತಿಲ್ಲ. ಅಂಥವರಿಗೆ, "ಮಾಲೀಕರಿಗೆ ಫೋನ್ ಹಚ್ಚಿ ಕೇಳಪ್ಪ" ಎನ್ನುತ್ತಾರೆ ಅತ್ತೆ. ಅವರು ಫೋನ್ ಹಚ್ಚುವುದಿಲ್ಲ, ಎದುರು ಸಾಲಿನ ಕಟಿಂಗ್ ಮಷೀನಿನವನ ಹತ್ತಿರ ಹೋಗುತ್ತಾರೆ. ಅಲ್ಲಿ ಪ್ರಶ್ನೆಯಿಲ್ಲ, ಎರಡೇ ನಿಮಿಷಕ್ಕೆ ಸರಪಳಿ ತುಂಡು. ಮಾಮನಿಗೆ ಈಗ ದಿನಕ್ಕೆ ಎರಡು ಬೀಗ ಸಿಕ್ಕರೆ ಹೆಚ್ಚು.

ನಿಯಮ ಸ್ವಲ್ಪ ಸಡಿಲ ಮಾಡಬಹುದಲ್ಲ ಎನ್ನುತ್ತೇನೆ. "ಮಾಡ್ಬೋದು ಸಾರ್" ಎನ್ನುತ್ತಾರೆ ಮಾಮ, "ಆದ್ರೆ ಮಲಗಿ ಮೇಲೆ ನೋಡಿದ್ರೆ ಆ ಕೀ ಹಿಡಿದ ಕೈ ಕಾಣುತ್ತೆ."

ಟೊಮೆಟೊ ಲಾರಿ ನೆಟ್ಟಗಾಗಿ ಹೊರಟುಹೋಗಿದೆ. ಬಿಸಿಲು ಶೆಡ್ಡಿನೊಳಕ್ಕೆ ಬಂದಿದೆ. ಏಳುವ ಮೊದಲು, ನಿಮಗೇನಾದರೂ ಆಸೆ ಇದೆಯೇ ಎಂದು ಮಾಮನನ್ನು ಕೇಳುತ್ತೇನೆ.

"ಆ ಡ್ರೈವರ್ ಒಂದ್ಸಲ ಈ ಕಡೆ ಬರ್ಲಿ. ಕ್ಷಮಿಸು ಅಂತ ಕೇಳಲ್ಲ, ಅದು ದೊಡ್ಡ ಮಾತಾಯ್ತು. ಅವತ್ತು ನೆಟ್ಟಗೆ ಮನೆ ಮುಟ್ಟಿದ್ರಾ ಅಂತ ಕೇಳ್ಬೇಕು, ಅಷ್ಟೇ."

"ಗಂಡೋ ಹೆಣ್ಣೋ ಅಂತ ನಾನು ಕೇಳ್ತೀನಿ" ಎನ್ನುತ್ತಾರೆ ಅತ್ತೆ, ಲೋಟ ತೊಳೆಯುತ್ತ. "ಈಗ ಆ ಮಗೂಗೆ ಇಪ್ಪತ್ತಾರು ತುಂಬಿರುತ್ತೆ."

ಮಾಮ ಇಲ್ಲವೆಂದು ತಲೆಯಾಡಿಸುತ್ತಾರೆ.

"ಇನ್ನೂ ಇಲ್ಲ ಕಣೇ. ಇಪ್ಪತ್ತೈದು ವರ್ಷ ಹತ್ತು ತಿಂಗಳು."