ಅಕ್ಕ ಸಣ್ಣಗಾದ ವರ್ಷ

ನಮ್ಮಕ್ಕ ಚಿಕ್ಕಂದಿನಿಂದಲೂ ದಪ್ಪ. ದೊಡ್ಡಬಳ್ಳಾಪುರದ ಕಡೆಯ ಮಧುರೆ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್. ಅಲ್ಲಿನ ಮಕ್ಕಳು ಅವಳನ್ನು ಕಂಡರೆ ಓಡಿಬಂದು ಸೊಂಟ ತಬ್ಬಿಕೊಳ್ಳುತ್ತಿದ್ದವು. ದೊಡ್ಡವರು ಮಾತ್ರ ಅವಳ ಆಯಸ್ಸು ಅಳೆಯುತ್ತಿದ್ದರು. ಯಾರದೇ ಮನೆಯ ಊಟಕ್ಕೆ ಕೂತರೂ, ಅವಳ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪ ಬಾಯಿ ತೆಗೆಯುತ್ತಿದ್ದರು.

"ಹಿಂಗೇ ಇದ್ರೆ ಐವತ್ತು ದಾಟಲ್ಲ ಕಣಮ್ಮ ನೀನು."

ಅವಳು ನಕ್ಕು ಹೋಳಿಗೆಯನ್ನು ನನ್ನ ಎಲೆಗೆ ಹಾಕಿಬಿಡುತ್ತಿದ್ದಳು. ನಾನು ಸುಮ್ಮನೆ ತಿನ್ನುತ್ತಿದ್ದೆ.

ಎರಡು ವರ್ಷದ ಹಿಂದೆ ಅವಳು ಇಳಿಯತೊಡಗಿದಳು. ಮೊದಲು ರವಿಕೆ ಸಡಿಲವಾಯಿತು, ಆಮೇಲೆ ಬಳೆಗಳು ಮೊಣಕೈವರೆಗೂ ಸರಿಯುವಂತಾದವು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಹೊಟ್ಟೆ ನೋಯುತ್ತಿತ್ತು, ಅರ್ಧ ಮುದ್ದೆ ತಿಂದು ಕೈ ತೊಳೆಯುತ್ತಿದ್ದಳು. ಅದನ್ನು ಯಾರೂ ಕೇಳಲಿಲ್ಲ. ಎಲ್ಲರೂ ಹೊಗಳಿದರು. "ಯಾವ ಡಯಟ್ ಮಾಡ್ತಿದೀರಿ, ನಮಗೂ ಹೇಳಿ" ಎಂದರು ನಮ್ಮತ್ತಿಗೆ. ನಾನಂತೂ ಅವಳ ಹಳೇ ಫೋಟೋ, ಹೊಸ ಫೋಟೋ ಪಕ್ಕಪಕ್ಕ ಇಟ್ಟು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಉಕ್ಕುತ್ತದೆ.

ನೋವು ಜಾಸ್ತಿಯಾದಾಗ ದೊಡ್ಡಬಳ್ಳಾಪುರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಹಳೇ ಚೀಟಿಯಲ್ಲಿದ್ದ ತೂಕ ನೋಡಿದರು, ಹೊಸದನ್ನು ನೋಡಿದರು. "ಗುಡ್. ಹೀಗೇ ಮುಂದುವರಿಸಿ. ಗ್ಯಾಸ್ಟ್ರಿಕ್‌ಗೆ ಮಾತ್ರೆ ಬರೆದಿದೀನಿ."

"ನಾನೇನೂ ಮಾಡ್ತಿಲ್ಲ ಡಾಕ್ಟ್ರೇ. ತಾನಾಗೇ ಇಳೀತಿದೆ," ಎಂದಳು ಅಕ್ಕ.

"ಒಳ್ಳೇದೇ ಆಯ್ತಲ್ಲಮ್ಮ," ಎಂದು ಅವರು ನಕ್ಕರು. ನಾನೂ ನಕ್ಕೆ. ಅವಳ ಹೊಟ್ಟೆ ಮುಟ್ಟಿಯೂ ನೋಡದೆ ನಮ್ಮನ್ನು ಎಬ್ಬಿಸಿದರು.

ಒಂದು ತಿಂಗಳಾದ ಮೇಲೆ ಅವಳ ಮನೆಗೆ ಹೋದೆ. ಅವತ್ತು ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡಿ ಬಂದು ಗೋಡೆಗೊರಗಿ ಕೂತಿದ್ದಳು. ದನಿ ಏರಿಸದೆ ಹೇಳಿದಳು: "ಒಂದು ಮಗು ತೂಕ ಇಳಿದ್ರೆ ನಾನು ಅದರ ಮನೆಗೆ ಓಡ್ತೀನಿ. ಅವರಮ್ಮನ್ನ ಕೂರಿಸ್ಕೊಂಡು ಬೈತೀನಿ, ಆಸ್ಪತ್ರೆಗೆ ಕಳಿಸ್ತೀನಿ. ನಾನು ಇಷ್ಟು ಇಳಿದಿದೀನಿ, ನೀವೆಲ್ಲ ಚಪ್ಪಾಳೆ ಹೊಡೀತಿದೀರಲ್ಲೇ."

ಆಗ ಅವಳನ್ನು ಸರಿಯಾಗಿ ನೋಡಿದೆ. ಕುತ್ತಿಗೆಯ ಮೂಳೆ ಎದ್ದಿತ್ತು.

ಮರುದಿನವೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದೆವು. ಸ್ಕ್ಯಾನು, ಇನ್ನೂ ಏನೇನೋ ಪರೀಕ್ಷೆ. ಕರುಳಿಗೆ ಟಿಬಿ. ಅಲ್ಲಿದ್ದ ಹುಡುಗಿ ಡಾಕ್ಟರು, "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ನನ್ನನ್ನು ಕೇಳಿದಳು. ಫೋಟೋ ಹಾಕ್ತಿದ್ದೆ ಅಂತ ಹೇಳಲೇ?

ತಿಂಗಳುಗಟ್ಟಲೆ ಮಾತ್ರೆ ನುಂಗಿದಳು. ಅವಳು ಸ್ವಲ್ಪ ಚೇತರಿಸಿಕೊಂಡ ಮೇಲೆ ನಾನೊಬ್ಬಳೇ ರಿಪೋರ್ಟು ಹಿಡಿದು ದೊಡ್ಡಬಳ್ಳಾಪುರದ ಆ ಕ್ಲಿನಿಕ್ಕಿಗೆ ಹೋಗಿ ಮೇಜಿನ ಮೇಲಿಟ್ಟೆ. ಡಾಕ್ಟರು ಓದಿ, "ದಪ್ಪ ಇರೋರಲ್ಲಿ ಇದು ಗೊತ್ತಾಗೋದು ಕಷ್ಟಮ್ಮ" ಎಂದರು.

"ಅವಳು ಬಾಯಿಬಿಟ್ಟು ಹೇಳಿದ್ಲು ಸಾರ್. ತಾನಾಗೇ ಇಳೀತಿದೆ ಅಂತ. ನಾವಿಬ್ರೂ ನಕ್ವಿ."

ಅವರು ಬೆಲ್ ಒತ್ತಿ ಮುಂದಿನವರನ್ನು ಕರೆದರು.

ಮೈಭಾರ ಆಯಸ್ಸನ್ನು ತಿನ್ನುತ್ತದೆ ಅನ್ನುವುದು ಸುಳ್ಳಲ್ಲ, ನನಗೂ ಗೊತ್ತು. ಅಕ್ಕನಿಗೆ ಮಂಡಿನೋವಿದೆ, ಶುಗರ್ ಕೂಡ ನೋಡಿಕೊಳ್ಳಬೇಕು. ಆದರೆ ಅವಳ ಆಯಸ್ಸಿನ ಬಗ್ಗೆ ಅಷ್ಟೊಂದು ಮಾತಾಡಿದವರಲ್ಲಿ ಒಬ್ಬರಿಗೂ ಅವಳು ಬದುಕಬೇಕೆಂಬ ಚಿಂತೆ ಇರಲಿಲ್ಲ. ಅವರ ಕಣ್ಣಿಗೆ ಅವಳು ಹಿತವಾಗಿ ಕಂಡರೆ ಸಾಕಿತ್ತು, ಸಾಯುತ್ತಿದ್ದರೂ ಸರಿ.

ಅಕ್ಕ ಈಗ ಕೆಲಸಕ್ಕೆ ಹೋಗುತ್ತಿದ್ದಾಳೆ. ಯಾವ ಡಾಕ್ಟರ ಹತ್ತಿರ ಹೋದರೂ ಜೊತೆಗೆ ನಾನಿರುತ್ತೇನೆ. ಅವಳು ಹೇಳುವುದನ್ನು ಅವರು ಪೂರ್ತಿ ಕೇಳಿಸಿಕೊಳ್ಳುವ ತನಕ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.

"ಎಲ್ಲಾ ಕಡೆ ಜಗಳ ಕಾಯ್ತೀಯಲ್ಲೇ," ಎಂದು ಅವಳು ಸಂಕೋಚಪಡುತ್ತಾಳೆ.

ಕಾಯ್ತೀನಿ.