ಮಹಮ್ಮದ್ ಎರಡು ಸಲ ಕೂಗಿದ ಸಾವು

ನರಸಿಂಹರಾಜಪುರದ ಪೇಟೆಯಲ್ಲಿ ಯಾರಾದರೂ ಸತ್ತರೆ ಊರಿಗೆ ಗೊತ್ತಾಗುತ್ತಿದ್ದುದು ಮಹಮ್ಮದನ ಬಾಯಿಂದ. ಹಳೇ ಜೀಪು, ಅದರ ತಲೆಯ ಮೇಲೆ ಎರಡು ಹಾರ್ನ್, ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಮೈಕು. ಲಿಂಗಾಯತರಾದರೆ ‘ಲಿಂಗೈಕ್ಯರಾಗಿದ್ದಾರೆ’, ಬೇರೆಯವರಾದರೆ ‘ದೈವಾಧೀನರಾಗಿದ್ದಾರೆ’. ಯಾರ ಮನೆಗೆ ಯಾವ ಮಾತು ಎಂಬುದರಲ್ಲಿ ಒಮ್ಮೆಯೂ ತಪ್ಪಿದವನಲ್ಲ. ಸಿನಿಮಾ, ಲಾಟರಿ, ಓಟು ಎಲ್ಲವನ್ನೂ ಕೂಗುತ್ತಿದ್ದ. ಆದರೆ ಸಾವನ್ನು ಕೂಗುವಾಗ ಅವನ ದನಿಯೇ ಬೇರೆ. ಅದನ್ನು ಕೇಳಿ ಅಂಗಡಿಯವರು ತೂಗುತ್ತಿದ್ದ ತಕ್ಕಡಿ ಕೆಳಗಿಡುತ್ತಿದ್ದರು.

ಅವನು ಆ ಜೀಪಿನಲ್ಲಿ ಮೊದಲು ಕೂಗಿದ್ದು ಓಟಿಗೆ ನಿಂತಿದ್ದ ಸೋಮಶೇಖರಪ್ಪನವರ ಹೆಸರನ್ನು. ಭದ್ರಾ ಹಿನ್ನೀರಿನಲ್ಲಿ ಗದ್ದೆ ಮುಳುಗಿಸಿಕೊಂಡವರಿಗೆ ಹಕ್ಕುಪತ್ರ ಕೊಡಿಸಲು ಕಚೇರಿಯಿಂದ ಕಚೇರಿಗೆ ಅಲೆದೇ ಮೊಣಕಾಲು ಕಳೆದುಕೊಂಡ ಮನುಷ್ಯ ಅವರು. ಊರಲ್ಲಿ ಗಲಾಟೆ ಎದ್ದ ವರ್ಷ ‘ಸಾಬರ ಜೀಪು ಹತ್ತಬೇಡಿ’ ಎಂದು ಪಕ್ಷದವರೇ ಹೇಳಿದಾಗ, ಮಹಮ್ಮದನ ಪಕ್ಕದ ಸೀಟಿನಲ್ಲೇ ಕೂತು ಪೇಟೆಯನ್ನೆಲ್ಲ ಸುತ್ತಿದರು. ಆ ಸಲದ ಚುನಾವಣೆಯಲ್ಲಿ ಸೋತರು. ಮತ್ತೆ ಯಾರೂ ಅವರಿಗೆ ಟಿಕೆಟ್ ಕೊಡಲಿಲ್ಲ. ಆದರೂ ಅವರ ಮನೆ ಜಗಲಿಯಲ್ಲಿ ಬೆಳಗಾದರೆ ಅರ್ಜಿ ಹಿಡಿದ ಜನ ಇದ್ದೇ ಇರುತ್ತಿದ್ದರು.

ಎರಡು ಸಾವಿರದ ನಾಲ್ಕರ ಚುನಾವಣೆಯ ಹೊತ್ತಿಗೆ ಅವರು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಇನ್ನು ಆಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕಳಿಸಿಕೊಟ್ಟರು. ಆಂಬುಲೆನ್ಸ್ ಸದ್ದಿಲ್ಲದೆ ಪೇಟೆ ದಾಟಿತು. ಒಳಗೆ ಅವರ ಹೆಂಡತಿ ಪ್ರೇಮಕ್ಕ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದರು. ನೋಡಿದವರಿಗೆ ಅಷ್ಟು ಸಾಕಾಯಿತು. ಪಕ್ಷದ ಕಚೇರಿಯಿಂದ ಮಹಮ್ಮದನಿಗೆ ಫೋನು ಬಂತು.

“ಸೋಮಣ್ಣ ಹೋಗ್ಬಿಟ್ರಂತೆ ಮಾರಾಯ. ಬೇಗ ಕೂಗು. ನೀನು ತಡ ಮಾಡಿದ್ರೆ ಆ ವ್ಯಾನಿನೋನಿಗೆ ಹೇಳ್ತೀವಿ.”

ವ್ಯಾನಿನವನು ಎಂದರೆ ಹೊಸದಾಗಿ ಮೈಕು ಸೆಟ್ ಇಟ್ಟವನು. ಸೋಮಣ್ಣನ ಸಾವು ಅವನ ಬಾಯಲ್ಲಿ ಊರಿಗೆ ತಿಳಿಯುವುದನ್ನು ಮಹಮ್ಮದನಿಂದ ಸಹಿಸಲಾಗಲಿಲ್ಲ. ಪ್ರೀತಿಗೂ ಹೊಟ್ಟೆಕಿಚ್ಚು ಇರುತ್ತದೆ. ಮನೆ ಹತ್ತಿರ ಹೋಗಿ ವಿಚಾರಿಸಲೂ ಇಲ್ಲ, ಜೀಪು ಹತ್ತಿದ.

ಹಾಗೆ ಅವನು ಹಿಂದೆಂದೂ ಕೂಗಿರಲಿಲ್ಲ. ‘ಮುಳುಗಡೆಯವರ ಬಂಧು, ನಮ್ಮೆಲ್ಲರ ಹಿರಿಯಣ್ಣ’ ಎನ್ನುವಾಗ ಕಣ್ಣೀರು ಮೈಕಿನ ಮೇಲೇ ಬಿತ್ತು. ಪೇಟೆಯ ಬಾಗಿಲುಗಳು ದಡದಡ ಬಿದ್ದವು. ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಎದುರು ಶ್ರದ್ಧಾಂಜಲಿ ಸಭೆ. ಕೊಪ್ಪ, ಶೃಂಗೇರಿಯಿಂದಲೂ ಮುಖಂಡರು ಕಾರು ಮಾಡಿಕೊಂಡು ಬಂದರು. ಫೋಟೋಕ್ಕೆ ಹಾರ ಹಾಕಿ, ಸೋಮಶೇಖರಪ್ಪನವರ ಆದರ್ಶ ಎಂದು ಶುರುಮಾಡಿದವರು ತಮ್ಮ ಅಭ್ಯರ್ಥಿಯ ಗುರುತಿಗೆ ಬಂದು ಮುಗಿಸಿದರು. ಅವರಿಗೆ ಟಿಕೆಟ್ ತಪ್ಪಿಸಿದವನೇ ಎಲ್ಲರಿಗಿಂತ ಜಾಸ್ತಿ ಅತ್ತ. ಆ ನಾಲಿಗೆಗಳ ಬಗ್ಗೆ ಮಾತಾಡಿದರೆ ನನ್ನ ಬಾಯಿ ಹೊಲಸಾಗುತ್ತದೆ.

ಸಭೆ ಮುಗಿಸಿ ಮೆರವಣಿಗೆಯಲ್ಲಿ ಮನೆಗೆ ಹೊರಡುವ ಹೊತ್ತಿಗೆ ಔಷಧಿ ತರಲು ಊರಾಚೆ ಹೋಗಿದ್ದ ಸೋಮಶೇಖರಪ್ಪನವರ ಅಣ್ಣನ ಮಗ ಕಲ್ಲೇಶ್ ಓಡಿ ಬಂದ.

“ಎಂತ ಮಾಡ್ತಿದೀರಿ ನೀವೆಲ್ಲ? ಚಿಕ್ಕಪ್ಪ ಇನ್ನೂ ಉಸಿರಾಡ್ತಿದಾರೆ!”

ಮುಖಂಡರ ಕಾರುಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು. ಸತ್ತರೆಂದು ಅತ್ತವರಿಗೆ ಬದುಕಿದ್ದವರನ್ನು ನೋಡಲು ನಾಚಿಕೆ. ಯಾರೂ ಆ ಮನೆ ಮೆಟ್ಟಿಲು ತುಳಿಯಲಿಲ್ಲ. ಅರ್ಜಿಯ ಜನ ಕೂಡ ಜಗಲಿ ಕಡೆ ಬರುವುದು ನಿಲ್ಲಿಸಿದರು.

ಮಾರನೇ ದಿನ ಮಹಮ್ಮದ್ ಹೋದ. ಪ್ರೇಮಕ್ಕ ಬಾಗಿಲು ಬಿಟ್ಟು ಸರಿದರು, ಬಾ ಎನ್ನಲಿಲ್ಲ. ಅವನು ಮಂಚದ ಪಕ್ಕ ನೆಲದ ಮೇಲೆ ಕೂತು, “ತಪ್ಪಾಯ್ತು ಸೋಮಣ್ಣ” ಎಂದು ಅತ್ತ.

ಅವರಿಗೆ ಎಲ್ಲ ಕೇಳಿಸಿತ್ತು. ಜೀಪು ಅವರ ಬೀದಿಯಲ್ಲೂ ಹಾದು, ಪ್ರೇಮಕ್ಕ ಹೊರಗೆ ಬರುವಷ್ಟರಲ್ಲಿ ದಾಟಿ ಹೋಗಿತ್ತು.

“ಚೆನ್ನಾಗಿ ಹೇಳ್ದೆ ಮಾರಾಯ” ಎಂದರು, ಉಸಿರು ಎಳೆದೆಳೆದು. “ಜನ ಬಂದಿದ್ರಾ?”

“ತುಂಬ ಬಂದಿದ್ರು ಅಣ್ಣಾ. ನಿಲ್ಲಕ್ಕೆ ಜಾಗ ಇರ್ಲಿಲ್ಲ.”

“ಹಂಗಾದ್ರೆ ಇಲ್ಲಿಗ್ಯಾಕೆ ಒಬ್ರೂ ಬರ್ಲಿಲ್ಲ?”

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಆಮೇಲೆ ಮಹಮ್ಮದ್ ದಿನಾ ಹೋಗಿ ಕೂತ. ಮುಳುಗಡೆಯವರ ಹಳ್ಳಿಗಳಿಗೆ ಹೋಗಿ ಒಬ್ಬಿಬ್ಬರಾದರೂ ಬನ್ನಿ ಎಂದು ಕೈ ಮುಗಿದ. ಓಟಿನ ಗದ್ದಲ ಮುಗಿಯಲಿ ಎಂದರು ಎಲ್ಲರೂ.

ಓಟಿನ ಗದ್ದಲ ಮುಗಿದ ಮೇಲೆ ಒಂದು ಬೆಳಿಗ್ಗೆ ಸೋಮಶೇಖರಪ್ಪನವರು ನಿಜಕ್ಕೂ ಸತ್ತರು. ಮಹಮ್ಮದ್ ಅಲ್ಲೇ ಇದ್ದ. ಪ್ರೇಮಕ್ಕ, “ಹೋಗಿ ಹೇಳು” ಎಂದರು.

ಜೀಪು ಪೇಟೆಗೆ ಬಂತು. ‘ಲಿಂಗೈಕ್ಯರಾಗಿದ್ದಾರೆ’ ಎನ್ನುತ್ತಿದ್ದಂತೆ ಹೋಟೆಲಿನ ಬೆಂಚಿನಿಂದ ನಗು ಕೇಳಿಸಿತು. “ಸಾಬ್ರೇ, ಇದು ಎಷ್ಟನೇ ಸಲ?” ಎಂದ ಒಬ್ಬ. ಮಹಮ್ಮದ್ ಮೈಕು ಆರಿಸಿ ಇಳಿದ. ಅಂಗಡಿಯಿಂದ ಅಂಗಡಿಗೆ ನಡೆದು, “ಅಲ್ಲಾನಾಣೆ, ಈ ಸಲ ನಿಜ” ಎಂದು ಬೇಡಿಕೊಂಡ. ಅಯ್ಯೋ ಪಾಪ ಎಂದರು. ಅವತ್ತೇ ಬಾಗಿಲು ಹಾಕಿದ್ದೆವಲ್ಲ, ಇನ್ನೊಂದು ದಿನ ವ್ಯಾಪಾರ ಬಿಡಲಾಗುತ್ತದೆಯೇ ಎಂದರು. ಪಕ್ಷದ ಕಚೇರಿಯಲ್ಲಿ, “ನಮ್ದು ಶ್ರದ್ಧಾಂಜಲಿ ಆಗಿದೆಯಲ್ಲ ಮಾರಾಯ, ಪೇಪರಲ್ಲೂ ಬಂದಿದೆ” ಎಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಮನೆಯ ಅಂಗಳದಲ್ಲಿ ಹೆಣ ಹೊರುವ ಬಿದಿರಿನ ವಿಮಾನ ಕಟ್ಟಿಟ್ಟಿದ್ದರು. ವಿಭೂತಿ ಬಳಿದು, ಕೈಯಲ್ಲಿ ಲಿಂಗ ಇಟ್ಟು ಸೋಮಶೇಖರಪ್ಪನವರನ್ನು ಅದರಲ್ಲಿ ಕೂರಿಸಿದ್ದರು. ಹೊರುವುದಕ್ಕೆ ಕಲ್ಲೇಶ್, ಶೆಟ್ಟಿಕೊಪ್ಪದಿಂದ ಬಂದ ನೆಂಟ ಮಲ್ಲೇಶಪ್ಪ, ಮನೆ ಕೆಲಸದ ಬೈರಪ್ಪ. ನಾಲ್ಕನೇ ಹೆಗಲಿಗಾಗಿ ಬಿಸಿಲು ಏರುವವರೆಗೂ ಕಾದರು. ಮಹಮ್ಮದ್ ಒಬ್ಬನೇ ವಾಪಸು ಬಂದು ಬೇಲಿಯ ಹೊರಗೇ ನಿಂತ. ಒಳಗೆ ಬರುವ ಹಕ್ಕು ತನಗಿಲ್ಲ ಎಂದುಕೊಂಡಿದ್ದ.

ಪ್ರೇಮಕ್ಕ ತಾವೇ ಬೇಲಿಯ ಹತ್ತಿರ ಬಂದರು. ಅವರ ಕಣ್ಣಲ್ಲಿ ನೀರಿರಲಿಲ್ಲ.

“ಇವ್ರಿಗೆ ಅಂತ ಇದ್ದ ಜನಾನ ನೀನು ಮೊದ್ಲೇ ಕರೆದು ಮುಗಿಸ್ಬಿಟ್ಟೆ ಮಹಮ್ಮದ್. ಬಾ, ಹೆಗಲು ಕೊಡು.”

ಮಂತ್ರ ಹೇಳಲು ಬಂದಿದ್ದ ಅಯ್ಯನವರು ಏನೋ ಹೇಳಹೋದರು. ಪ್ರೇಮಕ್ಕ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಮಹಮ್ಮದ್ ಚಪ್ಪಲಿ ಬಿಟ್ಟು ಒಳಗೆ ಬಂದ. ವಿಮಾನ ಎದ್ದಿತು. ಸಮಾಧಿಯ ಜಾಗಕ್ಕೆ ಪೇಟೆ ಬೀದಿಯಲ್ಲೇ ಹೋಗಬೇಕು. ದಾರಿಯುದ್ದಕ್ಕೂ ಅವನು ತಲೆ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ಅಂಗಡಿಗಳಲ್ಲಿ ವ್ಯಾಪಾರ ನಡೆದೇ ಇತ್ತು.