ಅತ್ತೆಯ ಗಂಗಾಳ

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುವವಳು. ಕೆಲಸವಿಲ್ಲದವರ ಹರಟೆ ಅದು ಎಂದು ನಗುತ್ತಿದ್ದೆ. ಈಗ ನಗುವ ಧೈರ್ಯವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮ ಮನೆ ಆಳಂದ ಕಡೆಯ ಅಮರ್ಜಾ ಡ್ಯಾಮಿನ ದಂಡೆಯಲ್ಲಿದೆ. ನನ್ನ ಗಂಡ ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತು ಹೋಗಿ ಮೀನಿನ ಬಲೆ ಹಾಕುತ್ತಾರೆ. ಮಂಜು ಮುಸುಕಿ, ಮಳೆ ಹಿಡಿದು ದಂಡೆ ಕಾಣದಾದರೆ ಮನೆಯ ಹೆಂಗಸರು ತಾಟು ಬಡಿಯಬೇಕು. ನೀರಿನಲ್ಲಿದ್ದವರು ಆ ಸದ್ದು ಹಿಡಿದು ಬರುತ್ತಾರೆ. ಅತ್ತೆ ಇರುವವರೆಗೂ ಆ ಕೆಲಸ ಅವರದೇ. ಕಂಚಿನ ಗಂಗಾಳದ ಮೇಲೆ ಎರಡು ಏಟು, ತುಸು ಬಿಟ್ಟು ಇನ್ನೊಂದು. ಅವರು ತೀರಿಕೊಳ್ಳುವ ಮುಂಚೆ ಒಂದು ದಿನ ತೊಳೆಯುವಾಗ ಗಂಗಾಳ ಕೈಜಾರಿ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗಲೂ ಸಿಗಲಿಲ್ಲ. ನನ್ನ ಪಾಲಿಗೆ ಬಂದದ್ದು ಸ್ಟೀಲ್ ತಾಟು.

ಅವತ್ತು ಮಧ್ಯಾಹ್ನ ಸುಡುಬಿಸಿಲಿತ್ತು. ಒಮ್ಮೆಲೇ ಧೂಳೆದ್ದು, ಅದರ ಬೆನ್ನಿಗೇ ಮಳೆ ಬಂತು. ತಾಟು ಹಿಡಿದು ದಂಡೆಗೆ ಓಡಿಹೋಗಿ ಬಡಿಯತೊಡಗಿದೆ. ಬಲೆ ಹಾಕಲು ಹೋಗಿದ್ದ ಉಳಿದವರೆಲ್ಲ ದಂಡೆ ಸೇರಿದರು, ನನ್ನ ಗಂಡ ಒಬ್ಬರೇ ಬರಲಿಲ್ಲ.

“ನಿಲ್ಲಸಬ್ಯಾಡ ಬೇ, ಬಡಿ!” ಎಂದು ಪಕ್ಕದ ಮನೆಯ ಮುದುಕ ಕೂಗುತ್ತಿದ್ದ. ಬಡಿದು ಬಡಿದು ಕೈ ಮರಗಟ್ಟಿತ್ತು. ಆಗ ಗಾಳಿ ತಾಟನ್ನೇ ಕಿತ್ತು ನೀರಿಗೆ ಎಸೆಯಿತು. ಕೂಗಿದರೂ ಆ ಮಳೆಯಲ್ಲಿ ಕೇಳುವಂತಿರಲಿಲ್ಲ. ಕೆಸರಿನಲ್ಲಿ ಕುಸಿದು ಕೂತೆ. ನನ್ನ ಬಾಳು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಎಷ್ಟು ಹೊತ್ತಾಯಿತೋ, ಮಳೆಯೊಳಗಿಂದ ಟ್ಯೂಬು ನೇರ ನಮ್ಮ ಕಡೆಗೇ ಬಂತು. ನಡುಗುತ್ತಾ ಇಳಿದವರೇ ಕೇಳಿದರು: “ಅವ್ವನ ಗಂಗಾಳ ಎಲ್ಲಿ ಸಿಕ್ತು ನಿನಗ?”

“ಯಾವ ಗಂಗಾಳ್ರೀ? ನನ್ನ ಕೈಯಾಗ ಏನೂ ಇಲ್ಲ, ನೋಡ್ರಿ.”

ಅವರು ನನ್ನ ಖಾಲಿ ಕೈ ನೋಡಿದರು. “ಮೊದಲ ನಿನ್ನ ತಾಟು ಕೇಳಾಕತ್ತಿತ್ತು. ಅದು ನಿಂತಿತು, ನಾ ಸತ್ತೆ ಅಂದ್ಕೊಂಡ್ನಿ. ಆಮ್ಯಾಲೆ ಇದು ಸುರು ಆತು. ಎರಡು ಏಟು, ಬಿಟ್ಟು ಒಂದು.”

ನನಗಾಗಲಿ ಮುದುಕನಿಗಾಗಲಿ ಮಳೆಯ ಸದ್ದು ಬಿಟ್ಟು ಏನೂ ಕೇಳಿಸಿರಲಿಲ್ಲ. ಜೀವಭಯದಲ್ಲಿ ಇವರ ಕಿವಿಗೆ ಹಾಗೆ ಕೇಳಿರಬಹುದು ಎನ್ನುತ್ತೀರಿ. ನಾನೂ ಹಾಗೇ ಅಂದುಕೊಳ್ಳಲು ನೋಡಿದ್ದೇನೆ. ಆದರೆ ಕಣ್ಣಿಗೆ ಕಾಣದ ದಂಡೆಗೆ, ನನ್ನ ಎದುರಿಗೇ, ಹೇಗೆ ಬಂದರು?

ಈಗ ಹೊಸ ತಾಟು ಇದೆ. ಮಳೆ ಬಂದಾಗ ತೋಳು ಸೋತರೂ ನಾನು ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಆ ಸದ್ದು ಕೇಳೀತೆಂಬ ಭಯವೋ, ಕೇಳದೆ ಹೋದೀತೆಂಬ ಭಯವೋ, ನನಗೇ ಗೊತ್ತಿಲ್ಲ.